ನನ್ನ ಷಡ್ಡಕನನ್ನೇ ಕರೆಯುವ ಪೊಲೀಸರು

ಪೊಲೀಸರನ್ನು ಕಂಡು ಓಡಿಹೋದವರ ಕಥೆ ನೀವು ಬೇಕಾದಷ್ಟು ಕೇಳಿರ್ತೀರಿ. ಪೊಲೀಸರು ನನ್ನನ್ನು ಕರೀಲಿ, ನನ್ನನ್ನು ಕರೀಲಿ ಅಂತ ವರ್ಷಗಟ್ಟಲೆ ಬಾಗಿಲಲ್ಲಿ ನಿಂತವ ಇಡೀ ಅಹಮದಾಬಾದಿನಲ್ಲಿ ನಾನೊಬ್ಬನೇ ಇರ್ಬೇಕು. ಹಾಗೆ ನಿಂತವನಿಗೆ ಒಂದಲ್ಲ ಒಂದು ಆಗ್ತಾನೇ ಇತ್ತು.

ನಾನು ಓದಿದವ ಅಲ್ಲ. ಮಾಸ್ಟ್ರ ಬೆತ್ತ ಒಂದು ಕಡೆಗೆ, ನಾನು ಒಂದು ಕಡೆಗೆ ಓಡಿದವ. ಸೂರತ್ತಿನಲ್ಲಿ ಲೋಟ ತೊಳೆದೆ, ಬರೋಡದಲ್ಲಿ ದೋಸೆ ಕಾವಲಿ ಮುಂದೆ ನಿಂತು ಬೆವರು ಸುರಿಸಿದೆ, ಆಮೇಲೆ ಮಣಿನಗರ ಸ್ಟೇಷನ್ ಹತ್ರ ಒಂದು ಗಲ್ಲಿಯಲ್ಲಿ ನನ್ನದೇ ಹೋಟೆಲ್ ಹಾಕಿದೆ. ಎಪ್ಪತ್ತರ ದಶಕದ ಮಾತು. ಆ ಗಲ್ಲಿಗೆ ದೋಸೆ ಅಂದ್ರೆ ಎಂತ ಅಂತ ಕಲಿಸಿದ್ದು ನಾನು. ಬೇಕಾದ್ರೆ ಈಗಲೂ ಯಾರನ್ನಾದ್ರೂ ಕೇಳಿ.

ನನ್ನ ಹೆಂಡತಿಯ ತಂಗಿಯ ಗಂಡ, ಅಂದ್ರೆ ನನ್ನ ಷಡ್ಡಕ, ಊರಲ್ಲಿ ಸುಮ್ಮನೆ ತಿರುಗ್ತಿದ್ದ. "ಪಾಪ, ಅವ್ರನ್ನೂ ಕರ್ಕೊಂಡು ಹೋಗಿ" ಅಂತ ಹೆಂಡತಿ ಕಣ್ಣೀರು ಹಾಕಿದ್ಲು. ಕರ್ಕೊಂಡು ಬಂದೆ. ಕಲ್ಲಿನಲ್ಲಿ ದೋಸೆ ಹಿಟ್ಟು ಕಡೆಯಲಿಕ್ಕೆ ಕಲಿಸಿದೆ. ಕಲಿತವ ಎಂತ ಮಾಡಿದ ಗೊತ್ತುಂಟಾ? ರಸ್ತೆಯಾಚೆ ನನ್ನ ಎದುರಿನಲ್ಲೇ ಹೋಟೆಲ್ ತೆರೆದ. ಕೇಳಿದ್ರೆ, "ಭಾವ, ನಿಮ್ಮ ಕಣ್ಣ ಮುಂದೆಯೇ ಇರುವ ಅಂತ" ಅಂದ. ಅವ ನನ್ನ ಕಣ್ಣ ಮುಂದೆ ಇದ್ದದ್ದೇ ನನ್ನ ಜನ್ಮದ ರೋಗ. ಹೊಟ್ಟೆಕಿಚ್ಚು ಅಂತ ನೀವು ಹೇಳ್ಬಹುದು. ಹೇಳಿ. ಹೌದು, ಉರೀತಿತ್ತು.

ಓಡಿದವನೇ ಮರ್ಯಾದಸ್ಥ

ಗುಜರಾತಿನಲ್ಲಿ ಸಾರಾಯಿ ಬಂದ್. ಬಂದ್ ಅಂದ್ಮೇಲೆ ಕದ್ದು ಮಾರುವವರು ಇದ್ದೇ ಇರ್ತಾರೆ. ಪೊಲೀಸರು ಹೋಗಿ ಹಿಡೀತಾರೆ. ಹಿಡಿಯುವಾಗ ಆ ಜಾಗದ ಇಬ್ಬರು ಮರ್ಯಾದಸ್ಥರು ಪಕ್ಕದಲ್ಲಿ ನಿಂತು ನೋಡ್ಬೇಕು, ಬಾಟ್ಲಿ ಮೂಸ್ಬೇಕು, "ಹೌದು, ಇದು ಸಾರಾಯಿಯೇ" ಅಂತ ಹೇಳ್ಬೇಕು. ಅವ್ರಿಗೆ ಪಂಚರು ಅಂತ ಹೆಸರು. ಪೊಲೀಸರು ಅದನ್ನೆಲ್ಲ ಪಂಚನಾಮೆ ಅಂತ ಬರೆದು, "ಈ ಗಲ್ಲಿಯ ಪ್ರತಿಷ್ಠಿತ ವ್ಯಕ್ತಿ" ಅಂತ ಪಂಚರ ಹೆಸರು ಹಾಕ್ತಾರೆ. ಸರ್ಕಾರವೇ ಬರೆದು ಕೊಡುದು, ಇವ ದೊಡ್ಡ ಮನುಷ್ಯ ಅಂತ!

ಬೇರೆಯವ್ರಿಗೆ ಅದು ಶನಿ. ಆಮೇಲೆ ಕೋರ್ಟಿಗೆ ಅಲೀಬೇಕಲ್ಲ. ಪೊಲೀಸ್ ಚೌಕಿಯ ಜಮಾದಾರ ಸೈಕಲ್ ತಿರುಗಿಸಿ ಗಲ್ಲಿಗೆ ಬಂದ ಅಂದ್ರೆ ದರ್ಜಿ ಬಾಗಿಲು ಹಾಕ್ತಿದ್ದ, ಪಾನ್ ಅಂಗಡಿಯವ ಮಾಯ ಆಗ್ತಿದ್ದ. ನಾನು ಮಾತ್ರ ಒಗೆದ ಅಂಗಿ ಹಾಕಿ, ಕುಂಕುಮ ಇಟ್ಟು ಬಾಗಿಲಲ್ಲಿ ನಿಲ್ತಿದ್ದೆ. ಜಮಾದಾರ ನನ್ನ ಮುಂದೆಯೇ ಸೈಕಲ್ ನಿಲ್ಲಿಸ್ತಿದ್ದ, ನನ್ನ ಗೋಡೆಗೇ ಒರಗಿಸ್ತಿದ್ದ, ಆಮೇಲೆ ರಸ್ತೆ ದಾಟಿ ಹೋಗಿ ನನ್ನ ಷಡ್ಡಕನನ್ನು ಕರ್ಕೊಂಡು ಹೋಗ್ತಿದ್ದ.

ಒಂದು ಸಲ ಅಲ್ಲ. ಪ್ರತಿ ಸಲ. ಮನೆಗೆ ಬಂದ್ರೆ ಹೆಂಡತಿಗೆ ಸುದ್ದಿ ಮೊದಲೇ ಮುಟ್ಟಿರ್ತಿತ್ತು. "ಇವತ್ತೂ ತಂಗಿ ಗಂಡನನ್ನೇ ಕರೆದ್ರಂತೆ. ದೊಡ್ಡ ಜನ ಬೇಕಂತೆ." ಆ 'ಅಂತೆ' ಹೇಳುವಾಗ ಅವಳು ಸಾರಿಗೆ ಉಪ್ಪು ಹಾಕ್ಲಿಕ್ಕೆ ಮರೀತಿದ್ಲು.

ಒಂದು ದಿನ ನಾನು ಜಮಾದಾರನ ಸೈಕಲ್ ಹ್ಯಾಂಡಲ್ ಹಿಡ್ಕೊಂಡೆ. "ಜಮಾದಾರ ಸಾಹೇಬ್, ನಾನು ಇಲ್ಲಿ ಕಂಬದ ಹಾಗೆ ನಿಂತಿದ್ದೇನೆ. ನನ್ನಲ್ಲಿ ಎಂತ ಕಡಿಮೆ?"

ಅವ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಣ್ಣಾ, ಮರ್ಯಾದಸ್ಥರು ಪೊಲೀಸ್ ಕಂಡ್ರೆ ಓಡ್ತಾರೆ. ಓಡಿದವನನ್ನು ನಾವು ಹಿಡ್ಕೊಂಡು ಬರ್ತೇವೆ. ನೀವು ನಿಂತು ನಗ್ತೀರಿ. ಪೊಲೀಸ್ ಕಂಡು ನಗುವವನನ್ನು ಸಾಕ್ಷಿ ಮಾಡ್ಲಿಕ್ಕೆ ಆಗ್ತದಾ? ಅವನ ಮೇಲೆ ಒಂದು ಕಣ್ಣಿಡ್ಬೇಕು!"

ಹಾಗಾದ್ರೆ ಓಡಿಯೇ ನೋಡುವ

ಓಡ್ಬೇಕಾ? ಆಯ್ತು. ನನ್ನ ಹಾಗೆ ಓಡುವವ ಆ ಗಲ್ಲಿಯಲ್ಲಿ ಯಾರಿದ್ದಾರೆ? ಊರಲ್ಲಿ ಕಂಬಳದ ಕೋಣದ ಹಿಂದೆ ಓಡಿದ ಕಾಲು ಇದು.

ಮುಂದಿನ ಸಲ ಜಮಾದಾರನ ಸೈಕಲ್ ಕಂಡದ್ದೇ ಕಂಡದ್ದು, ಮುಂಡು ಎತ್ತಿ ಕಟ್ಟಿದೆ, ದೋಸೆ ಮಗುಚುವ ಸಟ್ಟುಗ ಕೈಯಲ್ಲೇ ಉಂಟು, ಬಿಟ್ಟೆ ಓಟ. ಸ್ವಲ್ಪ ದೂರ ಹೋಗಿ ಹಿಂದೆ ನೋಡಿದೆ, ಹಿಡೀಲಿಕ್ಕೆ ಬರ್ತಿದ್ದಾನಾ ಅಂತ. ಬರ್ತಿರ್ಲಿಲ್ಲ. ಮತ್ತೆ ಸ್ವಲ್ಪ ಜೋರಾಗಿ ಓಡಿದೆ. ಸ್ಟೇಷನ್ ಹತ್ರ ಯಾರೋ ಒಬ್ಬ "ಚೋರ್! ಚೋರ್!" ಅಂತ ಬೊಬ್ಬೆ ಹಾಕಿದ. ಕಳ್ಳ ಎಲ್ಲಿದ್ದಾನೆ ಅಂತ ನಾನೂ ನೋಡ್ತಾ ಓಡಿದೆ. ನೋಡಿದ್ರೆ ಎಲ್ಲರ ಕೈಯೂ ನನ್ನ ಕಡೆಗೇ.

ರೈಲ್ವೆ ಸ್ಟೇಷನಿನ ಪೊಲೀಸರು ಹಿಡಿದು ಕೂರಿಸಿದ್ರು. "ಯಾಕೆ ಓಡಿದೆ?"

"ಪಂಚ ಆಗ್ಲಿಕ್ಕೆ."

"ಸಟ್ಟುಗ ಯಾರದ್ದು ಕದ್ದದ್ದು?"

"ನನ್ನದೇ."

ನಾನು ಎಂತ ಹೇಳಿದ್ರೂ ಅವರು ನಂಬ್ಲಿಲ್ಲ. ಕೊನೆಗೆ ಅಲ್ಲಿದ್ದ ಹವಾಲ್ದಾರ ಹೇಳಿದ, "ನಿನ್ನ ಗುರುತು ಹೇಳ್ಲಿಕ್ಕೆ ನಿನ್ನ ಗಲ್ಲಿಯ ಒಬ್ಬ ಪ್ರತಿಷ್ಠಿತ ವ್ಯಕ್ತಿ ಬೇಕು. ಕರೆಸ್ತೇವೆ."

ಯಾರು ಬಂದದ್ದು ಅಂತ ನಾನು ಹೇಳ್ಬೇಕಾ?

ಬಂದವ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದ. ಹವಾಲ್ದಾರ ಕುರ್ಚಿ ಕೊಟ್ಟ. ನಾನು ನೆಲದಲ್ಲಿ. ಷಡ್ಡಕ ನನ್ನನ್ನು ಒಂದು ಗಳಿಗೆ ಸರಿಯಾಗಿ ನೋಡಿ ಹೇಳಿದ, "ಹೌದು ಸಾಹೇಬ್, ಇವರು ನಂಗೆ ಗೊತ್ತು. ಕದಿಯುವವರಲ್ಲ." ಅಷ್ಟು ಹೇಳಿ ನಿಲ್ಲಿಸ್ಬಹುದಿತ್ತಲ್ಲ? ನಿಲ್ಲಿಸ್ಲಿಲ್ಲ. "ಆದ್ರೆ ಬಿಸಿಲಿಗೆ ಆಗಾಗ ಹೀಗೆ ಆಗ್ತದೆ" ಅಂದ.

ಕೊಯಾಲಿಯ ಮದುವೆ

ಬರೋಡದ ಹತ್ರ ಕೊಯಾಲಿಯಲ್ಲಿ ಎಣ್ಣೆ ಕಂಪೆನಿಯ ಕಾಲನಿ ಉಂಟಲ್ಲ, ಅಲ್ಲಿ ನಮ್ಮ ಕಡೆಯವರ ಒಂದು ಮದುವೆ. ನಾವಿಬ್ಬರೂ ಒಂದೇ ರೈಲಿನಲ್ಲಿ, ಒಂದೇ ಸೀಟಿನಲ್ಲಿ, ಭುಜಕ್ಕೆ ಭುಜ ತಾಗಿಸಿ ಹೋದದ್ದು. ಇಳಿಯುವ ಅಂತ ಎದ್ದು ನೋಡಿದ್ರೆ ಇಬ್ಬರ ಕಿಸೆಗೂ ಬ್ಲೇಡ್ ಬಿದ್ದಿತ್ತು. ಷಡ್ಡಕನ ಪರ್ಸು ಹೋಗಿತ್ತು. ನನ್ನದು?

ನನ್ನ ಪರ್ಸು ಸೀಟಿನ ಮೇಲೆ ಇತ್ತು ಮಾರಾಯ್ರೆ. ಕಳ್ಳ ಕಿಸೆ ಕೊಯ್ದು, ತೆಗೆದು, ಬಿಚ್ಚಿ ನೋಡಿ, ವಾಪಸ್ ಇಟ್ಟು ಹೋಗಿದ್ದ!

ನಾನು ದಡ್ಡ ಅಲ್ಲ. ಪರ್ಸಿನಲ್ಲಿ ದೇವರ ಪಟ, ಎರಡು ಅಡಿಕೆ ಹೋಳು, ಅಷ್ಟೇ ಇಡುದು ನಾನು. ದುಡ್ಡೆಲ್ಲ ಒಳಗೆ, ಸೊಂಟದ ಪಟ್ಟಿಯಲ್ಲಿ. ನನ್ನ ಬುದ್ಧಿಗೆ ಕಳ್ಳ ಸೋತದ್ದು. ಆದ್ರೆ ಅದನ್ನು ಮದುವೆ ಮನೆಯಲ್ಲಿ ಯಾರು ಕೇಳ್ತಾರೆ? ಹೆಂಗಸರೆಲ್ಲ ಷಡ್ಡಕನ ಸುತ್ತ. "ಅಯ್ಯೋ ಪಾಪ, ಎಷ್ಟಿತ್ತೋ ಏನೋ! ಇದ್ದವರದ್ದನ್ನೇ ನೋಡಿ ಕದಿಯುದು ನೋಡಿ!" ಅವನಿಗೆ ಎರಡನೇ ಸಲ ಹೋಳಿಗೆ ಬಂತು, ದುಃಖಕ್ಕೆ ಅಂತ. ವರನ ಅಪ್ಪ ಮದುಮಕ್ಕಳನ್ನು ಬಿಟ್ಟು ಇವನ ಪಕ್ಕ ಬಂದು ಕೂತ್ರು.

ನಾನು ಎದ್ದು ನಿಂತೆ. "ನನ್ನ ಕಿಸೆಯೂ ಕೊಯ್ದಿದ್ದಾರೆ!" ಅಂತ ಅಂಗಿ ಎತ್ತಿ ತೂತು ತೋರಿಸಿದೆ. ಒಂದು ಅಜ್ಜಿ ಹತ್ರ ಬಂದು, ಕನ್ನಡಕ ಸರಿ ಮಾಡಿ ತೂತು ನೋಡಿ ಕೇಳಿದ್ಲು, "ಎಂತ ಹೋಯ್ತು ಮಗ?"

"ಎಂತದೂ ಹೋಗ್ಲಿಲ್ಲ ಅಜ್ಜಿ."

"ಅಯ್ಯೋ, ಕಳ್ಳನಿಗೂ ಬೇಜಾರಾಯ್ತೋ ಏನೋ" ಅಂತ ಹೇಳಿ, ನನ್ನ ಕೈಯಲ್ಲಿ ಒಂದು ಬಾಳೆಹಣ್ಣು ಇಟ್ಟು ಹೋದ್ಲು.

ಊರಲ್ಲಿ ಕಳ್ಳತನ ಹೆಚ್ಚಾಗುದು ಯಾಕೆ

ಎಂಬತ್ತರ ಹೊತ್ತಿಗೆ ಊರು ಕೆಟ್ಟಿತ್ತು. ಹಗಲು ಹೊತ್ತಿನಲ್ಲೇ ಸರ ಎಳೆಯುದು, ಸೈಕಲ್ ಮಾಯ, ಗಲಾಟೆ, ಕರ್ಫ್ಯೂ. ನಮ್ಮ ಕನ್ನಡದವರ ಸಂಘದವರು ನವರಂಗಪುರದ ಒಂದು ಹಾಲಿನಲ್ಲಿ ಭಾಷಣ ಇಟ್ರು, ನಗರದಲ್ಲಿ ಅಪರಾಧ ಯಾಕೆ ಹೆಚ್ಚಾಗ್ತದೆ ಅಂತ. ವೇದಿಕೆ ಮೇಲೆ ಕೂರ್ಲಿಕ್ಕೆ ಕೆಲವರನ್ನು ಕರೆದ್ರು. ನಾಗರಿಕರ ಪರವಾಗಿ ಒಬ್ಬರು ಬೇಕಲ್ಲ? ಷಡ್ಡಕ. ನನಗೂ ಹೇಳಿ ಕಳಿಸಿದ್ರು, "ಉಪ್ಪಿಟ್ಟು, ಕಾಫಿ ನಿಮ್ಮದೇ ಆಗ್ಬೇಕು."

ಹಿಂದಿನ ಕೋಣೆಯಲ್ಲಿ ರವೆ ಹುರೀತಾ ನಾನು ಎಲ್ಲ ಕೇಳಿದೆ. ಕಾಲೇಜಿನ ಮಾಸ್ಟ್ರೊಬ್ಬರು ಹೇಳಿದ್ರು, ಮಿಲ್ಲುಗಳು ಬಾಗಿಲು ಹಾಕ್ತಾ ಉಂಟು, ಕೆಲಸ ಇಲ್ಲದ ಕೈ ಎಲ್ಲಿಗೆ ಹೋಗ್ಬೇಕು ಅಂತ. ವಕೀಲರೊಬ್ಬರು ಹೇಳಿದ್ರು, ಸಾರಾಯಿ ಬಂದ್ ಮಾಡಿದ್ದೇ ತಪ್ಪು, ಕದ್ದು ಮಾರ್ಲಿಕ್ಕೆ ಸರ್ಕಾರವೇ ದಾರಿ ಮಾಡಿ ಕೊಟ್ಟಿತು ಅಂತ. ಒಬ್ಬ ಟೀಚರಮ್ಮ ಸಿನಿಮಾ ಅಂದ್ಲು. ಸರ್ಕಾರದ ರಾಕೆಟ್ ಆಫೀಸಿನಲ್ಲಿದ್ದ ಮೈಸೂರಿನ ಸಾಹೇಬ್ರೊಬ್ಬರು ಎದ್ದು, ಪಕ್ಕದ ಮನೆಯವನ ಹೆಸರೇ ಗೊತ್ತಿಲ್ಲದ ಊರಲ್ಲಿ ಕಳ್ಳನನ್ನು ಗುರುತು ಹಿಡಿಯುದು ಹೇಗೆ ಅಂತ ಕೇಳಿದ್ರು. ಎಲ್ಲರದ್ದೂ ಸರಿ ಅಂತ ಕಾಣ್ತಿತ್ತು. ಅದಕ್ಕೇ ಜಗಳ ಜೋರಾಯ್ತು.

ನಾನು ಸೌಟು ಹಿಡ್ಕೊಂಡೇ ಹೊರಗೆ ಬಂದೆ. ನನಗೂ ಒಂದು ಹೇಳ್ಲಿಕ್ಕಿತ್ತು, "ಪೊಲೀಸರು ಎದುರಿನ ಹೋಟ್ಲಲ್ಲೇ ಕೂತು ಚಹಾ ಕುಡೀತಾ ಇದ್ರೆ ಗಲ್ಲಿ ನೋಡುದು ಯಾರು?" ಅಂತ. ಬಾಯಿ ತೆರೆಯುವ ಮೊದಲೇ ಒಬ್ಬರು ರಿಟೈರ್ಡ್ ಪೊಲೀಸ್ ಅಧಿಕಾರಿ ಮೈಕು ಹಿಡಿದ್ರು. ಬಿಳಿ ಮೀಸೆ, ಧಾರವಾಡ ಕಡೆಯವರು. ಗಟ್ಟಿ ಧ್ವನಿಯಲ್ಲಿ ಹೇಳಿದ್ರು, "ನನ್ನ ಸರ್ವೀಸಿನಾಗ ನಾ ಕಂಡದ್ದು ಒಂದೇ. ಬಡತನ ಅಲ್ಲ, ಸಿನಿಮಾ ಅಲ್ಲ. ಎಲ್ಲಾ ಅಪರಾಧದ ಬೇರು ಹೊಟ್ಟೆಕಿಚ್ಚು! ಎದುರಿನ ಮನಿಯವನಿಗೆ ಐತಿ, ನನಗ ಇಲ್ಲ. ಅಲ್ಲಿಂದನ ಎಲ್ಲಾ ಶುರು!"

ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಮೆಲ್ಲಗೆ ತಿರುಗಿ ನನ್ನನ್ನು ನೋಡಿದ್ಲು. ಅವಳ ತಂಗಿ ನೋಡಿದ್ಲು. ಅವರಿಬ್ಬರು ನೋಡಿದ್ರು ಅಂತ ಆ ಸಾಲೇ ನೋಡಿತು. ವೇದಿಕೆ ಮೇಲೆ ಷಡ್ಡಕ ಪಾಪದವನ ಹಾಗೆ ನೆಲ ನೋಡ್ತಿದ್ದ.

ನಾನು ಸೌಟು ಎತ್ತಿ ಹೇಳಿದೆ, "ಸ್ವಾಮಿ, ಹೊಟ್ಟೆಕಿಚ್ಚಿನಿಂದ ಕಳ್ಳರಾಗುದಾದ್ರೆ ನಾನು ಇಷ್ಟು ಹೊತ್ತಿಗೆ ಸಾಬರಮತಿಯ ಸೇತುವೆಯನ್ನೇ ಹೊತ್ಕೊಂಡು ಹೋಗಿರ್ತಿದ್ದೆ!"

ಮೂಗಿನ ಸಾಕ್ಷಿ

ಷಡ್ಡಕ ಮೂಸಿದ ಬಾಟ್ಲಿಯ ಕೇಸು ಒಂದು ಕೋರ್ಟಿಗೆ ಬಂತು. ಅವತ್ತು ನಾನು ಹೋಟೆಲ್ ಬಂದ್ ಮಾಡಿ ಹೋದೆ. ಯಾಕೆ ಅಂದ್ರೆ ಆರೋಪಿಯ ಪರ ನಿಂತ ವಕೀಲ ಎಂಥವ ಅಂತ ನಾನು ಕೇಳಿದ್ದೆ. ಸಾಕ್ಷಿಯನ್ನು ತೆಂಗಿನಕಾಯಿಯ ಹಾಗೆ ಸುಲಿಯುವವ. ನೋಡ್ಬೇಕಲ್ಲ?

ಷಡ್ಡಕ ಕಟಕಟೆ ಹತ್ತಿ ನಿಂತ. ಜಮಾದಾರ ಕೆಳಗಿನ ಬೆಂಚಿನಲ್ಲಿ ಕೂತಿದ್ದ. ವಕೀಲ ಬೆಲ್ಲದ ಹಾಗೆ ಶುರು ಮಾಡಿದ. "ನೀವು ದೇವರು ದಿಂಡರು ಅಂತ ಇರುವ ಜನ, ಅಲ್ವಾ?"

"ಹೌದು."

"ಸಾರಾಯಿ ಮುಟ್ಟಿದ್ದುಂಟಾ?"

"ಛೆ ಛೆ!"

"ನಿಮ್ಮ ಮನೆಯಲ್ಲಿ ಯಾರಾದ್ರೂ?"

"ಇಲ್ಲವೇ ಇಲ್ಲ."

"ಹಾಗಾದ್ರೆ," ವಕೀಲ ಕೋಟು ಕೊಡವಿದ, "ಬಾಟ್ಲಿಯಲ್ಲಿದ್ದದ್ದು ಸಾರಾಯಿಯ ವಾಸನೆ ಅಂತ ನಿಮಗೆ ಗೊತ್ತಾದದ್ದು ಹೇಗೆ?"

ಸಿಕ್ಕಿಬಿದ್ದ! ನಾನು ಹಿಂದಿನ ಬೆಂಚಿನಲ್ಲಿ ತೊಡೆ ತಟ್ಟಿದೆ. ಕುಡಿಯುವವ ಅಂದ್ರೆ ಮಾನ ಹೋಯ್ತು, ಗೊತ್ತಿಲ್ಲ ಅಂದ್ರೆ ಸಾಕ್ಷಿ ಹೋಯ್ತು. ಈಗ ಹೇಳು ಪ್ರತಿಷ್ಠಿತ ವ್ಯಕ್ತಿ!

ಷಡ್ಡಕ ಅಂಗಿಯ ಕಾಲರ್ ಸರಿ ಮಾಡಿದ. ಆಮೇಲೆ ಮಗುವಿನ ಹಾಗೆ ಹೇಳಿದ, "ಸ್ವಾಮಿ, ನಮ್ಮ ಜಮಾದಾರ ಸಾಹೇಬ್ರು ದಿನಾ ಚಹಾಕ್ಕೆ ಬರ್ತಾರೆ. ಹತ್ರ ಬಂದು ಮಾತಾಡ್ತಾರೆ. ಬಾಟ್ಲಿಯಲ್ಲಿದ್ದದ್ದೂ ಅದೇ ವಾಸನೆ."

ಕೋರ್ಟು ಕೋರ್ಟಾಗಿ ಉಳೀಲಿಲ್ಲ. ಜಡ್ಜ್ ಸಾಹೇಬ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ್ರು. ಜಮಾದಾರ ಮಾತ್ರ ಬಾಯಿಗೆ ಕರ್ಚೀಫು ಹಿಡ್ಕೊಂಡು ಹೊರಗೆ ಹೋದ. ಮರುದಿನದಿಂದ ವಕೀಲರೆಲ್ಲ ದೋಸೆಗೆ ಅಂತ ಮಣಿನಗರಕ್ಕೆ ಬರ್ಲಿಕ್ಕೆ ಶುರು ಮಾಡಿದ್ರು. ನನ್ನ ಹೋಟೆಲ್‌ಗೂ ಬಂದ್ರು. "ಆ ಮೂಗಿನ ಅಣ್ಣನ ಹೋಟೆಲ್ ಎಲ್ಲಿ?" ಅಂತ ದಾರಿ ಕೇಳ್ಲಿಕ್ಕೆ.

ಹಿಟ್ಟಿಗೊಂದು ಹೆಸರು

ಜಮಾದಾರ ಅದನ್ನು ಮರೀಲಿಲ್ಲ. ಷಡ್ಡಕನ ಬಾಗಿಲು ತುಳಿಯುದು ಬಿಟ್ಟ. ಪಂಚ ಅಂತ ಅವನನ್ನು ಕರೆಯುದೂ ನಿಂತಿತು. ಜಾಗ ಖಾಲಿ ಆಯ್ತು. ನಾನು ಸುಮ್ಮನೆ ಕೂತೆ. ನಗ್ಲಿಲ್ಲ, ಓಡ್ಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ. ಅಹಮದಾಬಾದಿನ ಮೇ ಅಂದ್ರೆ ನಿಮಗೆ ಗೊತ್ತಿಲ್ಲದಿದ್ರೆ ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿದ್ದಾನೆ. ಗಲ್ಲಿಯವರೆಲ್ಲ ಬಾಗಿಲು ಹಾಕಿ ಮಲಗಿದ್ದ ಹೊತ್ತು. ಜಮಾದಾರ ಬಂದು ನಾನು ಮಲಗಿದ್ದ ಬೆಂಚು ತಟ್ಟಿದ. "ಅಣ್ಣಾ, ಏಳಿ. ಪಂಚ ಬೇಕು."

ನಾನು ಕನಸು ಅಂತ ಮತ್ತೆ ಮಗ್ಗುಲು ಬದಲಿಸಿದೆ. "ಏಳಿ ಅಣ್ಣಾ, ಹೊಸ ಸಾಹೇಬ್ರು ಕಾಯ್ತಿದ್ದಾರೆ!"

ಎದ್ದೆ. ಮುಖ ತೊಳೆದೆ. ಮದುವೆಗೆ ಉಡುವ ಜರಿ ಮುಂಡು ಉಟ್ಟೆ, ಶಾಲು ಹಾಕಿದೆ. ಜಮಾದಾರ "ಬೇಗ, ಬೇಗ" ಅಂತಿದ್ದ. ಅವನಿಗೆ ಎಂತ ಅವಸರ? ನಾನು ಕಾದಷ್ಟು ಅವ ಕಾದಿದ್ದಾನಾ? ಎದೆ ಮುಂದೆ ಮಾಡಿ ಅವನ ಹಿಂದೆ ಹೊರಟೆ. ಅವ ಎಲ್ಲಿಗೂ ದೂರ ಹೋಗ್ಲಿಲ್ಲ. ರಸ್ತೆ ದಾಟಿದ, ನಿಂತ. ಷಡ್ಡಕನ ಹೋಟೆಲ್!

ವಿಷಯ ಹೀಗೆ. ಮರುದಿನ ಒಂದು ದೊಡ್ಡ ಆರ್ಡರ್ ಉಂಟು ಅಂತ ಷಡ್ಡಕ ಡ್ರಮ್ಮಿನಲ್ಲಿ ಹಿಟ್ಟು ಕಡೆದು ಇಟ್ಟಿದ್ದ. ಆ ಸೆಕೆಗೆ ಹಿಟ್ಟು ಹುಳಿ ಬಂದು, ಉಬ್ಬಿ, ಮೇಲೆ ಮುಚ್ಚಿದ ಗೋಣಿ ತಳ್ಳಿ, ಬಾಗಿಲ ಸಂದಿನಿಂದ ನೊರೆ ನೊರೆಯಾಗಿ ಗಲ್ಲಿಗೆ ಹರಿದಿತ್ತು. ಹುಳಿ ವಾಸನೆ ಮೂಗಿಗೆ ಬಡೀತಿತ್ತು. ಹೊಸ ಪೊಲೀಸ್ ಸಾಹೇಬ ಎಳೆ ಪ್ರಾಯದವ, ಯಾವುದೋ ಮರುಭೂಮಿ ಕಡೆಯಿಂದ ಬಂದವ. ದೋಸೆ ಬೆಂದ ಮೇಲೂ ನೋಡಿರ್ಲಿಲ್ಲ, ಬೇಯುವ ಮೊದಲು ಎಲ್ಲಿಂದ ನೋಡ್ತಾನೆ? "ಸಾರಾಯಿ ಇಳಿಸ್ಲಿಕ್ಕೆ ಕೊಳೆಯಲಿಕ್ಕೆ ಇಟ್ಟದ್ದು ಇದು!" ಅಂತ ಡ್ರಮ್ಮಿನ ಮುಂದೆ ಲಾಠಿ ಹಿಡಿದು ನಿಂತಿದ್ದ. ಜಮಾದಾರನಿಗೆ ಗೊತ್ತಿಲ್ಲವಾ? ಎಷ್ಟು ದೋಸೆ ತಿಂದಿದ್ದಾನೆ ಅವ! ಆದ್ರೂ ಬಾಯಿ ಬಿಡ್ಲಿಲ್ಲ. ಕೋರ್ಟಿನಲ್ಲಿ ಕರ್ಚೀಫು ಹಿಡಿದದ್ದು ನೆನಪಿತ್ತಲ್ಲ.

ಎರಡನೇ ಪಂಚ ದರ್ಜಿ. ಅರ್ಧ ಹೊಲಿದ ಪ್ಯಾಂಟು ಮಿಷನ್ನಿನಲ್ಲಿ ಸಿಕ್ಕಿದ್ದಕ್ಕೆ ಓಡ್ಲಿಕ್ಕೆ ಆಗದೆ ಸಿಕ್ಕಿಬಿದ್ದವ. ಸಾಹೇಬ ಅವನನ್ನು ಕೇಳಿದ್ರೆ, "ಈ ಅಣ್ಣ ಹೇಳಿದ್ದೇ ನಂದು" ಅಂದುಬಿಟ್ಟ. ಎಲ್ಲ ನನ್ನ ಮೇಲೆ.

ಗಲ್ಲಿಯೇ ಎದ್ದು ಬಂದಿತ್ತು. ಷಡ್ಡಕನ ಮುಖ ಹಿಟ್ಟಿಗಿಂತ ಬೆಳ್ಳಗೆ. "ಭಾವ..." ಅಂತ ಕೈ ಮುಗಿದ. ಅವನ ಹೆಂಡತಿ ಅಳ್ತಿದ್ಲು, ನನ್ನ ಹೆಂಡತಿ ಅವಳನ್ನು ಹಿಡ್ಕೊಂಡು ನನ್ನನ್ನು ನೋಡ್ತಿದ್ಲು. ಸಾರಾಯಿ ಅಂತ ನಾನು ಒಂದು ಮಾತು ಹೇಳಿದ್ರೆ ಷಡ್ಡಕ ಒಳಗೆ, ಹೋಟೆಲಿಗೆ ಬೀಗ.

ನಾನು ಬಗ್ಗಿ ಮೂಸಿದೆ. ಬೆರಳು ಅದ್ದಿದೆ. ಎರಡು ಬೆರಳಲ್ಲಿ ತಿಕ್ಕಿ ನೋಡಿದೆ. ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದೆ. ಮುಚ್ಚಿಯೇ ಇದ್ದೆ. ಅಷ್ಟು ವರ್ಷ ಕಾದ ನಿಮಿಷ, ಬೇಗ ಮುಗಿಸ್ಲಿಕ್ಕೆ ನಾನೆಂತ ಮಂಕನಾ?

"ಹೇಳಿ ಅಣ್ಣಾ!" ಸಾಹೇಬ ಗದರಿದ.

"ಸಾಹೇಬ್," ಅಂದೆ, "ಇದು ಸಾರಾಯಿ ಅಲ್ಲ. ಸಾರಾಯಿಗೆ ಇಡುವ ಕೊಳೆಯೂ ಅಲ್ಲ."

ಷಡ್ಡಕ ಉಸಿರು ಬಿಟ್ಟ. ನಾನು ಮುಗಿಸಿರ್ಲಿಲ್ಲ.

"ಆದ್ರೆ ದೋಸೆ ಹಿಟ್ಟು ಅಂತ ದಯವಿಟ್ಟು ಬರೀಬೇಡಿ. ಉದ್ದು ಕಡಿಮೆ, ಮೆಂತೆ ಕಾಣುದೇ ಇಲ್ಲ. ಇದಕ್ಕೆ ನಮ್ಮ ಊರಲ್ಲಿ ಹೆಸರಿಲ್ಲ."

ಗಲ್ಲಿ ನಕ್ಕಿತು. ನಾನೂ ಶಾಲು ಸರಿ ಮಾಡಿ ನಕ್ಕೆ. ಸಾಹೇಬ ನಗ್ಲಿಲ್ಲ. ಜಮಾದಾರನ ಕಡೆ ತಿರುಗಿ ಹೇಳಿದ, "ಬರ್ಕೊಳ್ಳಿ. ಹೆಸರಿಲ್ಲದ ಅನುಮಾನದ ವಸ್ತು. ಡ್ರಮ್ ಜಪ್ತಿ. ಇವನನ್ನು ಜೀಪಿಗೆ ಹತ್ತಿಸಿ."

ಷಡ್ಡಕನ ತೋಳಿಗೆ ಕೈ ಬಿತ್ತು. "ರೀ!" ಅಂತ ನನ್ನ ಹೆಂಡತಿ ಬೊಬ್ಬೆ ಹಾಕಿದ್ಲು, "ಸರಿಯಾಗಿ ಹೇಳ್ತೀರಾ, ನಾನೇ ಬಂದು ಹೇಳ್ಬೇಕಾ?"

"ಸಾಹೇಬ್, ಸಾಹೇಬ್, ಅದು ದೋಸೆ ಹಿಟ್ಟೇ!" ಅಂದೆ. "ತಮಾಷೆಗೆ ಹೇಳಿದ್ದು!"

"ಈಗ ಒಂದು, ಆಗ ಒಂದು? ಹಾಗಾದ್ರೆ ಮಾಡಿ ತೋರಿಸಿ."

ಕಾವಲಿ ಕಾಯಿತು. ಷಡ್ಡಕ ಹಿಟ್ಟು ಹುಯ್ದ. ಚೊಯ್ ಅಂತ ಶಬ್ದ ಬಂದದ್ದೇ ಅವ ಪೊಲೀಸರನ್ನು ಮರೆತು ಸೌಟು ತಿರುಗಿಸಿದ. ಅಂಚು ಕೆಂಪಾಗಿ ಎದ್ದಿತು, ನಡುವೆ ಜೇನುಗೂಡಿನ ಹಾಗೆ ತೂತು. ಸಾಹೇಬ ತಟ್ಟೆ ನನ್ನ ಕಡೆ ತಳ್ಳಿದ. "ಮೊದಲು ಪಂಚರು ತಿನ್ಲಿ."

ತಿಂದೆ.

ಆ ಸುಡುಗಾಡು ದೋಸೆ... ಹೇಳ್ಲಿಕ್ಕೆ ಮನಸ್ಸಿಲ್ಲ. ಹುಳಿ ಹಿಡಿದದ್ದೇ ಹದ ಆಗಿತ್ತು. ಹೊರಗೆ ಗರಿಗರಿ, ಒಳಗೆ ಹತ್ತಿ. ಕಲಿಸಿದವ ನಾನಲ್ವಾ, ಮತ್ತೆ? ಖಾಲಿ ತಟ್ಟೆಯನ್ನು ನನ್ನ ಕೈಯೇ ಮುಂದೆ ಚಾಚಿತು. ನಾನು ಚಾಚಿದ್ದಲ್ಲ. ಆಮೇಲೆ ಸಾಹೇಬ ತಿಂದ, ದರ್ಜಿ ತಿಂದ, ಕೊನೆಗೆ ಜಮಾದಾರನೂ ತಡೀಲಿಕ್ಕಾಗದೆ ತಿಂದ. ಕೇಸು ಇಲ್ಲ ಅಂತ ಆಯ್ತು.

ಆದ್ರೆ ಪಂಚನಾಮೆ ಮುಗಿಸ್ಬೇಕಲ್ಲ? ಬರೆದದ್ದನ್ನು ಪಂಚರಿಗೆ ಓದಿ ಹೇಳ್ಬೇಕು ಅಂತ ಕಾನೂನು. ಸಾಹೇಬ ಕಾನೂನಿನವ. ನಡು ಗಲ್ಲಿಯಲ್ಲಿ ನಿಂತು ದೊಡ್ಡ ಸ್ವರದಲ್ಲಿ ಓದಿದ.

"ಪಂಚ ನಂಬರ್ ಒಂದು, ಈ ಗಲ್ಲಿಯ ಪ್ರತಿಷ್ಠಿತ ವ್ಯಕ್ತಿ..."

ಆಹಾ! ನಾನು ಹೆಂಡತಿಯ ಕಡೆ ನೋಡಿದೆ. ಕೇಳ್ತಾ?

"...ಹೋಟೆಲ್ ಧಂದೆಯಲ್ಲಿ ಅನುಭವ ಇರುವವರು, ವಸ್ತುವನ್ನು ತಿಂದು ನೋಡಿ, ಇದು ದೋಸೆಯೇ ಎಂದೂ, ತಮ್ಮ ಎದುರಿನ ಹೋಟೆಲಿನ ಈ ದೋಸೆ ಬಹಳ ಚೆನ್ನಾಗಿದೆ ಎಂದೂ ತಿಳಿಸಿ, ತಾವಾಗಿಯೇ ಎರಡನೆಯದನ್ನು ಕೇಳಿ, ಚಟ್ನಿ ಹಾಕಿಸಿಕೊಂಡರು."

ಗಲ್ಲಿ ಚಪ್ಪಾಳೆ ತಟ್ಟಿತು. ಷಡ್ಡಕ ನನ್ನ ಕಾಲು ಮುಟ್ಟಿದ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಕೊಂಡ್ಲು.

"ಚೆನ್ನಾಗಿದೆ ಅಂತ ನಾನು ಎಲ್ಲಿ ಹೇಳಿದೆ ಸಾಹೇಬ್?"

"ಎರಡನೆಯದು ಕೇಳಿದ್ದು ಯಾಕೆ ಮತ್ತೆ?" ಅಂತ ಕಾಗದ ಮುಂದೆ ಹಿಡಿದ. "ಸಹಿ ಹಾಕಿ. ಹಾಕದಿದ್ರೆ ಹರಿದು ಬೇರೆ ಪಂಚರನ್ನು ಕರೆದು ಬರೆಸ್ತೇನೆ."

ನೋಡಿ ನನ್ನ ಗ್ರಹಚಾರ! ನನ್ನನ್ನು ದೊಡ್ಡ ಮನುಷ್ಯ ಅಂತ ಸರ್ಕಾರ ಬರೆದ ಕಾಗದ ಅದೊಂದೇ. ಅದರಲ್ಲೇ ಮೇಲಿನ ಗೆರೆಯಲ್ಲಿ ನಾನು, ಕೆಳಗಿನ ಗೆರೆಯಲ್ಲಿ ಅವನ ದೋಸೆ. ಒಂದು ಬೇಕಿದ್ರೆ ಎರಡಕ್ಕೂ ಸಹಿ ಬೀಳ್ಬೇಕು.

ಪೆನ್ನು ತಗೊಂಡೆ. ನನಗೆ ಬರೆಯಲಿಕ್ಕೆ ಬರುದು ನನ್ನ ಹೆಸರೊಂದೇ. ಅದನ್ನೇ ಬರೆದೆ. ಒಂದೊಂದು ಅಕ್ಷರ ಒಂದೊಂದು ಲಡ್ಡುವಿನಷ್ಟು ದೊಡ್ಡದು, ದೋಸೆಯ ಗೆರೆಯ ಮೇಲೇ, ಅಡಿಯದ್ದು ಕಾಣದ ಹಾಗೆ ಒತ್ತಿ ಒತ್ತಿ ಬರೆದೆ.

ಸಾಹೇಬ ನೋಡಿ, "ಅಣ್ಣಾ, ಸಹಿ ಕೆಳಗೆ ಹಾಕುದು!" ಅಂದ.

"ನಮ್ಮ ಕನ್ನಡ ಅಕ್ಷರ ಹಾಗೇ ಸಾಹೇಬ್," ಅಂದೆ. "ಸೆಕೆಗೆ ಸ್ವಲ್ಪ ಉಬ್ತದೆ."